ನೆರಳಿನ ಹಿತ್ತಿಲಿಗೆ ನಮ್ಮ ಕಡೆಯ ಹೂಬಳ್ಳಿ: ಯಾವುದನ್ನು ಆರಿಸಬೇಕು?

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ನೆರಳಿಗೆ ಬರವಿಲ್ಲ. ಹಿಂದೆ ನಾಲ್ಕು ತೆಂಗು, ಮೂಲೆಯಲ್ಲಿ ಹಲಸು, ಬಾವಿಕಟ್ಟೆ ಪಕ್ಕ ಪುನರ್ಪುಳಿ ಅಥವಾ ಮಾವು. ಈಗ ಪಕ್ಕದಲ್ಲಿ ಎದ್ದ ಅಪಾರ್ಟ್‌ಮೆಂಟಿನ ನೆರಳೂ ಸೇರಿಕೊಂಡಿದೆ. ಇಂಥ ಜಾಗಕ್ಕೆ ಹೂ ಬಿಡುವ ಬಳ್ಳಿ ಬೇಕು ಎಂದು ನರ್ಸರಿಗೆ ಹೋದರೆ ಕೈಗೆ ಸಿಗುವುದು ಬೋಗನ್‌ವಿಲ್ಲಾ, ಅಲಮಂಡ, ಬೆಳ್ಳುಳ್ಳಿ ಬಳ್ಳಿ. ಮೂರೂ ಅಮೆರಿಕ ಖಂಡದಿಂದ ಬಂದ ಗಿಡಗಳು. ಮೂರಕ್ಕೂ ಒಳ್ಳೆಯ ಬಿಸಿಲು ಬೇಕು. ನೆರಳಲ್ಲಿ ನೆಟ್ಟರೆ ಉದ್ದಕ್ಕೆ ಹಬ್ಬುತ್ತವೆ, ಎಲೆ ಬಿಡುತ್ತವೆ, ಹೂವಿನ ಸುದ್ದಿಯೇ ಇರುವುದಿಲ್ಲ.

ನಮ್ಮ ಊರಿನ ಯಾವುದಾದರೂ ಹಳೆಯ ನಾಗಬನದ ಅಂಚಿನಲ್ಲಿ ನಿಂತು ಮೇಲೆ ನೋಡಿ. ಒಳಗೆ ಮಧ್ಯಾಹ್ನವೂ ಮಬ್ಬು. ಆದರೂ ಮರದಿಂದ ಮರಕ್ಕೆ ಬಳ್ಳಿಗಳು ಹಬ್ಬಿವೆ, ಅವುಗಳಲ್ಲಿ ಹಲವು ಹೂವನ್ನೂ ಬಿಡುತ್ತವೆ. ಅವುಗಳ ಬುಡ ನೆರಳಲ್ಲಿದೆ, ತುದಿ ಬೆಳಕಿನಲ್ಲಿದೆ. ಪಶ್ಚಿಮ ಘಟ್ಟದ ಮತ್ತು ಕರಾವಳಿಯ ಬಹಳಷ್ಟು ಕಾಡುಬಳ್ಳಿಗಳು ಬದುಕುವ ರೀತಿ ಇದೇ. ಮೊಳಕೆ ಒಡೆಯುವುದು ತರಗೆಲೆಯ ನಡುವೆ, ಹೂ ಬಿಡುವುದು ಬೆಳಕು ಮುಟ್ಟಿದ ಮೇಲೆ. ಹಾಗಾಗಿ ಬಳ್ಳಿ ಆರಿಸುವ ಮೊದಲು ನೋಡಬೇಕಾದದ್ದು ಎರಡು: ನಿಮ್ಮ ನೆರಳು ಎಂಥದ್ದು, ಬಳ್ಳಿಯ ತುದಿಗೆ ಬೆಳಕು ಎಲ್ಲಿ ಸಿಗುತ್ತದೆ. ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಸುಲಭ.

ಅವಸರದಲ್ಲಿ ಇರುವವರಿಗೆ ನನ್ನ ಅಭಿಪ್ರಾಯ ಈಗಲೇ ಹೇಳುತ್ತೇನೆ. ಗಟ್ಟಿ ಚಪ್ಪರ ಹಾಕುವ ಜಾಗ ಇದ್ದರೆ ಮೈಸೂರು ಥನ್ಬರ್ಜಿಯಾ. ಬರೀ ಕಂಪೌಂಡ್ ಗೋಡೆ ಅಥವಾ ಒಂದು ಮರ ಇದ್ದರೆ ಕಾಡುಮಲ್ಲಿಗೆ. ಚಿಟ್ಟೆ ಬರಬೇಕು ಎನ್ನುವವರಿಗೆ ಈಶ್ವರ ಬಳ್ಳಿ. ಬಿಸಿಲಿನ ಕಿರಣವೇ ಬೀಳದ ಮೂಲೆಗೆ ಹೋಯಾ. ಉಳಿದವು ವಿಶೇಷ ಸಂದರ್ಭಕ್ಕೆ.

ಮೊದಲು ನೆರಳು ಅಳೆಯಿರಿ

ಇದಕ್ಕೆ ಯಾವ ಉಪಕರಣವೂ ಬೇಡ. ಬೆಳಿಗ್ಗೆ 11 ಗಂಟೆಗೆ ಒಮ್ಮೆ, ಮಧ್ಯಾಹ್ನ 2ಕ್ಕೆ ಒಮ್ಮೆ, ನೆಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಅದು ಬಿಸಿಲಿನ ಜಾಗವೇ. ಕೈಯ ಆಕಾರ ಗೊತ್ತಾಗುತ್ತದೆ ಆದರೆ ಅಂಚು ಮಸುಕು ಎಂದಾದರೆ ಅದು ಸೋಸಿದ ಬೆಳಕು. ತೆಂಗಿನ ತೋಟದ ಕೆಳಗೆ ಇರುವುದು ಇದು. ಹೆಚ್ಚಿನ ಹೂಬಳ್ಳಿಗಳಿಗೆ ಇಷ್ಟು ಸಾಕು. ನೆರಳೇ ಕಾಣದಿದ್ದರೆ ಅದು ದಟ್ಟ ನೆರಳು. ದೊಡ್ಡ ಹಲಸಿನ ಬುಡ, ಎರಡು ಕಟ್ಟಡದ ನಡುವಿನ ಓಣಿ, ತಗಡು ಶೀಟಿನ ಕೆಳಗೆ, ಇವೆಲ್ಲ ಇದೇ ಗುಂಪು.

ಇದೇ ಪರೀಕ್ಷೆಯನ್ನು ಬಳ್ಳಿಯ ತುದಿ ತಲುಪುವ ಎತ್ತರದಲ್ಲೂ ಮಾಡಿ. ಏಣಿ ಹತ್ತಬೇಕಾದರೂ ಸರಿ, ಮಾಡಿ. ಬುಡದಲ್ಲಿ ಕತ್ತಲೆ ಇದ್ದು ಎಂಟು ಅಡಿ ಮೇಲೆ ಮೂರು ಗಂಟೆ ಬಿಸಿಲು ಬೀಳುವ ಜಾಗ ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ. ನಮ್ಮ ಕಾಡುಬಳ್ಳಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಇನ್ನೊಂದು ವಿಷಯವಿದೆ. ನಾವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ 24-25ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಪೇಪರಿನಲ್ಲಿ ಓದಿರುತ್ತೀರಿ, ಅಲ್ವಾ? ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಅಂದರೆ ಮನೆಯ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ, ಜೂನ್ ಬಂದರೆ ಮೋಡ ಮುಚ್ಚುತ್ತದೆ, ದೀಪಾವಳಿ ಕಳೆದ ಮೇಲೆ ಆ ಗೋಡೆ ಪೂರ್ತಿ ನೆರಳು. ದಕ್ಷಿಣದ ಗೋಡೆ ಇದಕ್ಕೆ ತಿರುಗಾ ಮುರುಗಾ. ಡಿಸೆಂಬರಿನಲ್ಲಿ ಅಲ್ಲಿಯೇ ಒಳ್ಳೆಯ ಬಿಸಿಲು.

ಬಳ್ಳಿ ಆರಿಸುವಾಗ ಇದು ತುಂಬಾ ಮುಖ್ಯ. ಮಳೆ ನಿಂತ ಮೇಲೆ, ಚಳಿಗಾಲದಲ್ಲಿ ಹೂ ಬಿಡುವ ಬಳ್ಳಿಯನ್ನು ಉತ್ತರದ ಗೋಡೆಗೆ ಹಬ್ಬಿಸಿದರೆ ಹೂವಿನ ಕಾಲದಲ್ಲೇ ಅದಕ್ಕೆ ಬೆಳಕು ಇಲ್ಲ. ಏಪ್ರಿಲ್, ಮೇಯಲ್ಲಿ ಅರಳುವ ಕಾಡುಮಲ್ಲಿಗೆಗೆ ಅದೇ ಗೋಡೆ ಒಳ್ಳೆಯದು. ಮಾರ್ಚಿನಲ್ಲಿ ಒಂದು ದಿನ ಬಿಸಿಲು ನೋಡಿ ಇದು ಬಿಸಿಲಿನ ಜಾಗ ಎಂದು ತೀರ್ಮಾನಿಸಬೇಡಿ.

ಮಲ್ಲಿಗೆ ಯಾಕೆ ಬೇಡ

ಉಡುಪಿಯವರಿಗೆ ಹೂವಿನ ಬಳ್ಳಿ ಎಂದರೆ ಮೊದಲು ನೆನಪಾಗುವುದು ಶಂಕರಪುರದ ಮಲ್ಲಿಗೆ. ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವ ಈ ಹೂವಿಗೆ ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಆದರೆ ಅದು ಬಿಸಿಲಿನ ಬೆಳೆ. ಶಂಕರಪುರದ ಮಲ್ಲಿಗೆ ತೋಟಗಳನ್ನು ನೋಡಿದರೆ ಗೊತ್ತಾಗುತ್ತದೆ, ಗಿಡದ ಮೇಲೆ ಮರದ ನೆರಳು ಇಲ್ಲದ ಹಾಗೆ ನೋಡಿಕೊಂಡಿರುತ್ತಾರೆ. ಹಲಸಿನ ಕೆಳಗೆ ನೆಟ್ಟು ಹೂ ಬರಲಿಲ್ಲ ಎಂದು ಗಿಡವನ್ನು ಬೈಯುವುದು ನ್ಯಾಯವಲ್ಲ. ಶಂಖಪುಷ್ಪದ ವಿಷಯವೂ ಅಷ್ಟೆ. ಬೀಜ ಹಾಕಿದರೆ ಬೇಗ ಬರುತ್ತದೆ, ಆದರೆ ನೆರಳಲ್ಲಿ ಹೂ ಕಡಿಮೆ. ಈ ಎರಡನ್ನೂ ಟೆರೇಸಿಗೆ ಇಟ್ಟುಕೊಳ್ಳಿ.

ಮೈಸೂರು ಥನ್ಬರ್ಜಿಯಾ

ಇದರ ಪೂರ್ತಿ ಹೆಸರು ಥನ್ಬರ್ಜಿಯಾ ಮೈಸೂರೆನ್ಸಿಸ್. ಹೆಸರಲ್ಲಿ ಮೈಸೂರು ಇದ್ದರೂ ಇದು ದಕ್ಷಿಣ ಭಾರತದ, ಮುಖ್ಯವಾಗಿ ಪಶ್ಚಿಮ ಘಟ್ಟದ ಬಳ್ಳಿ. ಹೊರದೇಶದ ಗಾಜಿನಮನೆಗಳಲ್ಲಿ ಇದನ್ನು ಮುದ್ದಿನಿಂದ ಬೆಳೆಸುತ್ತಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇದನ್ನು ಒಳ್ಳೆಯ ತೋಟದ ಗಿಡ ಎಂದು ಗುರುತಿಸಿ ಪ್ರಶಸ್ತಿ ಕೊಟ್ಟಿದೆ. ನಮ್ಮ ಘಟ್ಟದ ಗಿಡ ನಮ್ಮ ಹಿತ್ತಿಲಲ್ಲಿ ಇಷ್ಟು ಅಪರೂಪ ಆಗಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಇದರ ಹೂಗೊಂಚಲು ಮೇಲಕ್ಕೆ ನಿಲ್ಲುವುದಿಲ್ಲ, ಚಪ್ಪರದಿಂದ ಕೆಳಕ್ಕೆ ಇಳಿಬೀಳುತ್ತದೆ. ಒಂದೂವರೆ ಎರಡು ಅಡಿ ಉದ್ದದ ಗೊಂಚಲು ಸಾಮಾನ್ಯ. ಹೂವಿನ ಒಳಗೆ ಹಳದಿ, ಅಂಚಿಗೆ ಕಂದುಗೆಂಪು. ಒಂದು ಗೊಂಚಲಿನಲ್ಲಿ ಮೇಲಿನ ಹೂ ಮೊದಲು ಅರಳುತ್ತದೆ, ತುದಿಯ ಮೊಗ್ಗು ಕೊನೆಗೆ. ಹಾಗಾಗಿ ಒಂದೇ ಗೊಂಚಲು ಹಲವು ದಿನ ಹೂ ಕೊಡುತ್ತಾ ಇರುತ್ತದೆ. ಮಕರಂದ ಬಹಳ. ಸೂರಕ್ಕಿಗಳು ಬೆಳಿಗ್ಗೆಯಿಂದ ಬರುತ್ತವೆ, ಗೊಂಚಲಿಗೇ ಜೋತುಬಿದ್ದು ಕುಡಿಯುತ್ತವೆ. ಪರಿಮಳ ಇಲ್ಲ. ದೇವರಿಗೆ ಏರಿಸಲು, ಮುಡಿಯಲು ಹೂ ಬೇಕು ಎನ್ನುವವರಿಗೆ ಇದು ಆಗುವುದಿಲ್ಲ.

ಸೋಸಿದ ಬೆಳಕು ಇದಕ್ಕೆ ಸಾಕು. ನಮ್ಮ ತೇವದ ಗಾಳಿ ಇಷ್ಟ. ಬುಡಕ್ಕೆ ನೆರಳು ಇದ್ದರೆ ಒಳ್ಳೆಯದೇ, ಯಾಕೆಂದರೆ ಬೇರು ಕಾಯ್ದರೆ ಇದು ಸೊರಗುತ್ತದೆ. ಹೂ ಜಾಸ್ತಿ ಬರುವುದು ಮಳೆ ಹಿಂದೆ ಸರಿದ ಮೇಲೆ, ಚಳಿಗಾಲದಿಂದ ಬೇಸಿಗೆಯ ತನಕ. ಆ ತಿಂಗಳುಗಳಲ್ಲಿ ಮೇಲ್ಗಡೆ ಬೆಳಕು ಇರುವ ಜಾಗ ಕೊಡಿ. ಮನೆಯ ದಕ್ಷಿಣ ಅಥವಾ ಪೂರ್ವ ಬದಿ, ತೆಂಗಿನ ಮರಗಳ ನಡುವೆ, ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ತೊಂದರೆ ಎಂದರೆ ತೂಕ ಮತ್ತು ಎತ್ತರ. ಇದು 20 ಅಡಿ ಸುಲಭವಾಗಿ ಹಬ್ಬುತ್ತದೆ. ಗೊಂಚಲು ಕಣ್ಣಿಗೆ ಕಾಣಬೇಕು, ತಲೆಗೆ ತಾಗಬಾರದು ಎಂದರೆ ಚಪ್ಪರ ಕನಿಷ್ಠ ಎಂಟು ಅಡಿ ಎತ್ತರ ಇರಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೆನೆದ ಬಳ್ಳಿಯ ಭಾರ, ಮೇಲಿಂದ ಗಾಳಿ. ಅಡಿಕೆ ಮರದ ಸೀಳಿನ ಚಪ್ಪರ ಒಂದು ವರ್ಷಕ್ಕೆ ಆದೀತು, ಆಮೇಲೆ ಕುಸಿಯುತ್ತದೆ. ಕಬ್ಬಿಣದ ಪೈಪು ನೆಲದಲ್ಲಿ ಕಾಂಕ್ರೀಟಿನೊಳಗೆ ಕೂತಿರಲಿ. ಬರೀ ಗೋಡೆಗೆ ಹಬ್ಬಿಸಿದರೆ ಗೊಂಚಲು ಇಳಿಬೀಳಲು ಜಾಗವಿಲ್ಲ, ಗಿಡದ ಅರ್ಧ ಅಂದವೇ ಹೋಗುತ್ತದೆ. ಚಪ್ಪರ ಹಾಕಲು ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ ಮುಂದಿನ ಬಳ್ಳಿ ನೋಡಿ.

ಕಾಡುಮಲ್ಲಿಗೆ

ಕಾಡುಮಲ್ಲಿಗೆ ಎಂದು ನಮ್ಮಲ್ಲಿ ಬೇರೆ ಬೇರೆ ಗಿಡಗಳನ್ನು ಕರೆಯುತ್ತಾರೆ. ನಾನು ಹೇಳುತ್ತಿರುವುದು ಜಾಸ್ಮಿನಮ್ ಮಲಬಾರಿಕಮ್. ಎದುರುಬದುರಾಗಿ ಜೋಡಿ ಎಲೆ, ಅಗಲ, ತುದಿ ಚೂಪು. ಹೂ ಬಿಳಿ, ಎಸಳು ತೆಳು ಮತ್ತು ಉದ್ದ, ನಕ್ಷತ್ರದ ಆಕಾರ. ಮಾರ್ಚಿನಿಂದ ಮೇ ತನಕ, ಘಾಟಿ ರಸ್ತೆಯ ಬದಿಯಲ್ಲಿ, ಗುಡ್ಡದ ಪೊದೆಗಳ ಮೇಲೆ ಬೆಳ್ಳಗೆ ಹರಡಿಕೊಂಡಿರುವುದು ಇದೇ. ಪರಿಮಳ ಮುಡಿಯುವ ಮಲ್ಲಿಗೆಗಿಂತ ಹಗುರ, ಸಂಜೆಗೆ ಜಾಸ್ತಿ. ರಾತ್ರಿ ಪತಂಗಗಳು ಬರುತ್ತವೆ. ಆಮೇಲೆ ಕಪ್ಪು ಕಾಯಿ ಕಟ್ಟುತ್ತದೆ.

ಮೈಸೂರು ಥನ್ಬರ್ಜಿಯಾಕ್ಕೆ ಹೋಲಿಸಿದರೆ ಇದು ಕಷ್ಟಸಹಿಷ್ಣು. ಡಿಸೆಂಬರಿನಿಂದ ಮೇವರೆಗೆ ಮಳೆಯಿಲ್ಲದ ಕಾಲದಲ್ಲೂ, ಬೇರು ಊರಿದ ಮೇಲೆ, ವಾರಕ್ಕೊಮ್ಮೆ ನೀರು ಸಾಕು. ಮುರಕಲ್ಲಿನ (ಜಂಬಿಟ್ಟಿಗೆ) ಬಿರುಸು ಮಣ್ಣಿಗೂ ಹೊಂದಿಕೊಳ್ಳುತ್ತದೆ. ಕಾಂಡ ಸಪೂರ, ಆದ್ದರಿಂದ ಗೋಡೆಗೆ ಸಾಲಾಗಿ ಮೊಳೆ ಹೊಡೆದು ತಂತಿ ಎಳೆದರೆ ಆಯಿತು. ಕತ್ತರಿಸಿದರೆ ಬೇಜಾರಿಲ್ಲ, ಮತ್ತೆ ಚಿಗುರುತ್ತದೆ. ಮಳೆಗಾಲದಲ್ಲಿ ಗೇಣುದ್ದದ ಕಡ್ಡಿ ನೆಟ್ಟರೆ, ಅಥವಾ ಬಳ್ಳಿಯ ಒಂದು ಗಂಟನ್ನು ಮಣ್ಣಿನಲ್ಲಿ ಹೂತು ಕಲ್ಲು ಹೇರಿದರೆ ಬೇರು ಬರುತ್ತದೆ.

ಕೊರತೆಯೂ ಇದೆ. ಹೂ ವರ್ಷಕ್ಕೆ ಒಂದೇ ಕಾಲ. ಉಳಿದ ತಿಂಗಳು ಬರೀ ಹಸಿರು. ದಟ್ಟ ನೆರಳಲ್ಲಿ ಅದು ಕೂಡ ಇಲ್ಲ. ತುದಿಗೆ ದಿನಕ್ಕೆ ಮೂರು ಗಂಟೆಯಾದರೂ ಬೆಳಕು ಬೇಕು. ಮಾವಿನ ಮರಕ್ಕೆ ಹಬ್ಬಿಸಿದರೆ ತಾನೇ ಬೆಳಕು ಹುಡುಕಿಕೊಳ್ಳುತ್ತದೆ, ಆದರೆ ಹೂ ಮೇಲೆಲ್ಲೋ ಇರುತ್ತದೆ, ನಿಮಗೆ ಸಿಗುವುದು ಪರಿಮಳ ಮತ್ತು ಅಂಗಳಕ್ಕೆ ಉದುರಿದ ಎಸಳು. ನನಗೆ ಅದೇ ಇಷ್ಟ. ಕಣ್ಣಿನೆದುರು ಹೂ ಕಾಣಬೇಕು ಎನ್ನುವವರು ಗೋಡೆಯಲ್ಲೇ ಆರು ಅಡಿಗೆ ತಡೆದು, ಅಡ್ಡಕ್ಕೆ ಹಬ್ಬಿಸಿ.

ಸಣ್ಣ ಜಾಗಕ್ಕೆ: ಬಿಳಿ ಥನ್ಬರ್ಜಿಯಾ ಮತ್ತು ಗೌರಿ ಹೂ

ಥನ್ಬರ್ಜಿಯಾ ಫ್ರಾಗ್ರಾನ್ಸ್ ಎಂಬ ಸಣ್ಣ ಬಳ್ಳಿ ಮಳೆಗಾಲದಲ್ಲಿ ಬೇಲಿ ಸಾಲಿನಲ್ಲಿ ತಾನಾಗಿಯೇ ಕಾಣಿಸುತ್ತದೆ. ಬಿಳಿ ಹೂ, ಐದು ಎಸಳು, ಸುಮಾರು ಎರಡು ಇಂಚು ಅಗಲ. ಆರೆಂಟು ಅಡಿಗಿಂತ ಮೇಲೆ ಹೋಗುವುದು ಕಡಿಮೆ. ಹೆಸರಲ್ಲಿ ಪರಿಮಳ ಇದ್ದರೂ ಹೂವಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಗೇಟಿನ ಕಂಬ, ಕಿಟಕಿ ಸರಳು, ದೊಡ್ಡ ಕುಂಡ, ಯಾವುದಕ್ಕೂ ಆಗುತ್ತದೆ. ಬೀಜದಿಂದ ಸುಲಭವಾಗಿ ಬರುತ್ತದೆ. ಬಾಡಿಗೆ ಮನೆಯಲ್ಲಿ ಇರುವವರಿಗೆ, ದೊಡ್ಡ ಚಪ್ಪರ ಬೇಡ ಎನ್ನುವವರಿಗೆ ಇದು ಸರಿಯಾದ ಬಳ್ಳಿ.

ಗೌರಿ ಹೂ, ಅಂದರೆ ಅಗ್ನಿಶಿಖೆ, ಬೇರೆಯೇ ಮಾತು. ಇಷ್ಟು ಚಂದದ ಹೂ ನಮ್ಮ ಬಳ್ಳಿಗಳಲ್ಲಿ ಮತ್ತೊಂದಿಲ್ಲ. ಆರು ಎಸಳು ಹಿಂದಕ್ಕೆ ಮಡಚಿ ಮೇಲಕ್ಕೆ ಏಳುತ್ತವೆ, ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಎಲೆಯ ತುದಿಯೇ ಸುರುಳಿಯಾಗಿ ಆಧಾರ ಹಿಡಿಯುತ್ತದೆ. ಗೆಡ್ಡೆ ಬೇಸಿಗೆಯಿಡೀ ಮಣ್ಣಿನೊಳಗೆ ಮಲಗಿರುತ್ತದೆ, ಮೊದಲ ಮಳೆಗೆ ಏಳುತ್ತದೆ, ಗೌರಿ ಗಣೇಶ ಹಬ್ಬದ ಹೊತ್ತಿಗೆ ಹೂ ಬಿಡುತ್ತದೆ. ಚಳಿಗಾಲ ಬರುವಾಗ ಮೇಲಿನದ್ದೆಲ್ಲ ಒಣಗುತ್ತದೆ. ಗಿಡ ಸತ್ತಿತೆಂದು ಅಗೆದು ಬಿಸಾಡಬೇಡಿ.

ಆದರೆ ಇದು ವಿಷ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ಗೆಡ್ಡೆಯಲ್ಲಿ ಮತ್ತು ಬೀಜದಲ್ಲಿ ಇನ್ನೂ ಜಾಸ್ತಿ. ಗೆಡ್ಡೆ ತಿಂದು ಜೀವ ಹೋದ ಪ್ರಕರಣಗಳು ಇವೆ. ಗೆಡ್ಡೆ ನೋಡಲು ಗೆಣಸಿನ ಜಾತಿಯ ಹಾಗೆ ಕಾಣುವುದರಿಂದ ಅಡುಗೆಗೆ ತರುವ ಗೆಡ್ಡೆಗಳ ಹತ್ತಿರ ಇದನ್ನು ನೆಡಲೇಬಾರದು. ಚಿಕ್ಕ ಮಕ್ಕಳು, ದನ, ನಾಯಿ ಇರುವ ಮನೆಗೆ ಬೇಡ ಎಂದೇ ನನ್ನ ಸಲಹೆ. ಬೇಕೇ ಬೇಕು ಎನ್ನುವವರು ಕೈಗವಸು ಹಾಕಿ ನೆಡಿ, ಗುರುತಿನ ಕೋಲು ನೆಟ್ಟಿಡಿ, ಮನೆಯವರೆಲ್ಲರಿಗೂ ಹೇಳಿಡಿ. ನೆರಳಿನ ದೃಷ್ಟಿಯಿಂದಲೂ ಇದು ಅಂಚಿನ ಗಿಡ. ಅರ್ಧ ದಿನದ ಬೆಳಕು ಕೇಳುತ್ತದೆ.

ಈಶ್ವರ ಬಳ್ಳಿ

ಹೂವಿನ ಅಂದ ಮಾತ್ರ ನೋಡಿದರೆ ಈಶ್ವರ ಬಳ್ಳಿ (ಅರಿಸ್ಟೊಲೊಕಿಯಾ ಇಂಡಿಕಾ) ಈ ಪಟ್ಟಿಯಲ್ಲಿ ಕೊನೆಗೆ ಬರಬೇಕು. ಹೂ ಸಣ್ಣದು, ಮಾಸಲು ಹಸಿರು, ನೇರಳೆ ಕಂದು ಬಾಯಿ. ಸಣ್ಣ ನೊಣಗಳು ಒಳಗೆ ಹೋಗಿ ಕೆಲ ಹೊತ್ತು ಸಿಕ್ಕಿಬಿದ್ದು, ಪರಾಗ ಹೊತ್ತು ಹೊರಬರುತ್ತವೆ. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಅದರ ಸೊಗಸು ತಿಳಿಯುತ್ತದೆ. ಕಾಯಿ ಒಣಗಿ ಒಡೆದಾಗ ಸಣ್ಣ ಬುಟ್ಟಿ ನೇತುಹಾಕಿದ ಹಾಗೆ ಕಾಣುತ್ತದೆ.

ಇದನ್ನು ಯಾಕೆ ನೆಡಬೇಕು ಎಂದರೆ ಚಿಟ್ಟೆಗಾಗಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಕಪ್ಪು ಹಳದಿ ಬಣ್ಣ, ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್. ಇದರ ಮರಿಹುಳು ಬದುಕುವುದು ಈಶ್ವರ ಬಳ್ಳಿ ಮತ್ತು ಅದರ ಹತ್ತಿರದ ನೆಂಟರ ಎಲೆ ತಿಂದೇ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳೂ ಇದರಲ್ಲೇ ಮೊಟ್ಟೆ ಇಡುತ್ತವೆ. ಎಲೆಯಲ್ಲಿನ ವಿಷ ಮರಿಹುಳುವಿನ ಮೈ ಸೇರಿ, ಮುಂದೆ ಚಿಟ್ಟೆಯನ್ನು ಹಕ್ಕಿಗಳಿಂದ ಕಾಪಾಡುತ್ತದೆ. ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋದರೆ ಇಂಥ ಆಹಾರ ಗಿಡಗಳ ಮಹತ್ವ ಕಣ್ಣಾರೆ ಕಾಣಬಹುದು.

ಅರೆನೆರಳು ಇದಕ್ಕೆ ಸರಿಯಾದ ಜಾಗ. ಕಾಂಡ ಸಪೂರ, ಒಂದು ಹಗ್ಗ ಅಥವಾ ದಾಸವಾಳದ ಗಿಡವೇ ಆಧಾರಕ್ಕೆ ಸಾಕು. ಹುಳು ಬಂದರೆ ಒಂದೆರಡು ವಾರದಲ್ಲಿ ಬಳ್ಳಿ ಬೋಳಾಗುತ್ತದೆ. ಹೆದರಬೇಡಿ, ಔಷಧ ಹೊಡೆಯಲೇಬೇಡಿ. ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಒಂದರ ಬದಲು ಮೂರು ನಾಲ್ಕು ಬಳ್ಳಿ ನೆಟ್ಟರೆ ಹುಳುಗಳಿಗೂ ಊಟ, ಬಳ್ಳಿಗೂ ಉಸಿರಾಡಲು ಸಮಯ. ಹಾವು ಕಚ್ಚಿದರೆ ಇದರ ಬೇರು ಮದ್ದು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ದಯವಿಟ್ಟು ಅದನ್ನು ನಂಬಿ ಕೂರಬೇಡಿ, ಆಸ್ಪತ್ರೆಗೆ ಓಡಿ. ಇದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳು ಮಾಡುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ಕಷಾಯ ಅಂತ ಕುಡಿಯುವುದು ಬೇಡವೇ ಬೇಡ.

ನರ್ಸರಿಗಳಲ್ಲಿ ಇದೇ ಕುಟುಂಬದ, ದೊಡ್ಡ ಚುಕ್ಕೆ ಹೂವಿನ ದಕ್ಷಿಣ ಅಮೆರಿಕದ ಬಳ್ಳಿ ಸಿಗುತ್ತದೆ. ನೋಡಲು ಆಕರ್ಷಕ. ಆದರೆ ಆಸ್ಟ್ರೇಲಿಯಾದಲ್ಲಿ ಅಲ್ಲಿನ ಬರ್ಡ್‌ವಿಂಗ್ ಚಿಟ್ಟೆ ಅಂಥ ಬಳ್ಳಿಯ ಮೇಲೆ ಮೊಟ್ಟೆ ಇಟ್ಟು, ಮರಿಹುಳುಗಳು ಎಲೆ ತಿಂದು ಸಾಯುತ್ತಿದ್ದದ್ದು ದೊಡ್ಡ ಸಮಸ್ಯೆಯಾಗಿತ್ತು. ಚಿಟ್ಟೆಗಾಗಿ ನೆಡುವವರು ಊರಿನ ಈಶ್ವರ ಬಳ್ಳಿಯನ್ನೇ ಕೇಳಿ ತನ್ನಿ.

ದಟ್ಟ ನೆರಳಿಗೆ

ಹಾಳೆಯ ಮೇಲೆ ಕೈಯ ನೆರಳೇ ಬೀಳದ ಜಾಗದಲ್ಲಿ ಮೇಲಿನ ಯಾವುದೂ ಹೂ ಬಿಡುವುದಿಲ್ಲ. ಅಲ್ಲಿಗೆ ನಾನು ಹೇಳುವ ಒಂದೇ ಹೂಬಳ್ಳಿ ಹೋಯಾ, ಆದರೆ ತೀರಾ ಕತ್ತಲೆಯಲ್ಲಿ ಅದರ ಹೂವೂ ಕಡಿಮೆ. ಪಶ್ಚಿಮ ಘಟ್ಟದ ಹೋಯಾ ವೈಟಿಯೈ ಮರದ ಕಾಂಡಕ್ಕೆ ಅಂಟಿಕೊಂಡು ಬೆಳೆಯುವ ಬಳ್ಳಿ. ದಪ್ಪ ಎಲೆ, ಮೇಣದ ಹಾಗಿನ ಹೂಗಳ ಗುಚ್ಛ. ಮಣ್ಣು ಬೇಡ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು ತುಂಬಿದ ತೂಗುಕುಂಡ ಸಾಕು. ಅಥವಾ ಮಾವಿನ ಕಾಂಡಕ್ಕೆ ನಾರಿನ ಹಗ್ಗದಲ್ಲಿ ಕಟ್ಟಿ. ಒಮ್ಮೆ ಹೂ ಬಿಟ್ಟ ಚಿಕ್ಕ ತೊಟ್ಟಿನಿಂದಲೇ ಮುಂದಿನ ಸಲವೂ ಹೂ ಬರುತ್ತದೆ, ಹಾಗಾಗಿ ಹೂ ಉದುರಿದ ಮೇಲೆ ತೊಟ್ಟು ಕತ್ತರಿಸಬೇಡಿ. ಕೊಳೆಯುವುದೊಂದೇ ಭಯ, ಮಳೆಗಾಲದಲ್ಲಿ ನೀರು ಸುರಿಯುವ ಜಾಗ ತಪ್ಪಿಸಿ. ಬೆಳವಣಿಗೆ ನಿಧಾನ. ಅಂಗಡಿಯಲ್ಲಿ ಸಿಗುವ ಹೋಯಾಗಳಲ್ಲಿ ಹೆಚ್ಚಿನವು ಪೂರ್ವ ಮತ್ತು ಆಗ್ನೇಯ ಏಷ್ಯಾದವು ಎಂಬುದೂ ನೆನಪಿರಲಿ.

ಹೂವಿಗಿಂತ ಹಸಿರು ಸಾಕು ಎಂದಾದರೆ ಶತಾವರಿ ಇದೆ, ನಮ್ಮ ಹಲವು ಮಕ್ಕಳ ತಾಯಿ ಬೇರು. ನವಿರು ಎಲೆ, ಸಣ್ಣ ಬಿಳಿ ಹೂ, ಸ್ವಲ್ಪ ಪರಿಮಳ, ಮುಳ್ಳು. ಕಾಳುಮೆಣಸನ್ನಂತೂ ಹೇಳಬೇಕಾಗಿಯೇ ಇಲ್ಲ.

ಮಾಧವಿ ಮತ್ತು ದೂರ ಇಡಬೇಕಾದವು

ಮಾಧವಿ ಲತೆಯ ಹೆಸರು ಕೇಳಿ ಮನಸೋಲುವವರು ಬಹಳ. ನ್ಯಾಯವಾದದ್ದೇ. ಬಿಳಿ ಎಸಳು, ಒಂದರಲ್ಲಿ ಹಳದಿ ಮಚ್ಚೆ, ಒಳ್ಳೆಯ ಪರಿಮಳ, ಗಾಳಿಯಲ್ಲಿ ತಿರುಗುತ್ತಾ ಬೀಳುವ ಮೂರು ರೆಕ್ಕೆಯ ಕಾಯಿ. ಆದರೆ ಇದು ಮರ ಹತ್ತುವ ದೊಡ್ಡ ಬಳ್ಳಿ. ಐದು ಹತ್ತು ಸೆಂಟ್ಸ್ ಜಾಗದಲ್ಲಿ ಇದನ್ನು ಹಿಡಿತದಲ್ಲಿ ಇಡುವುದೇ ಒಂದು ಕೆಲಸ. ಹೂ ಚೆನ್ನಾಗಿ ಬರಲು ಬಿಸಿಲೂ ಬೇಕು. ದೊಡ್ಡ ತೋಟ ಇದ್ದು, ಬಿಟ್ಟುಕೊಡಲು ಒಂದು ಮರ ಇದ್ದರೆ ಮಾತ್ರ ನೆಡಿ. ಮಾರಿಷಸ್‌ನಲ್ಲಿ ಇದೇ ಮಾಧವಿ ಕಾಡಿಗೆ ನುಗ್ಗಿ ಅಲ್ಲಿನವರಿಗೆ ತಲೆನೋವಾಗಿದೆ. ಒಂದು ಊರಿನ ಗಿಡವನ್ನು ಇನ್ನೊಂದು ಊರಿಗೆ ಒಯ್ಯುವಾಗ ಯೋಚಿಸಬೇಕು ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಹಾಗೆಯೇ ನೀಲಿ ಹೂವಿನ ಥನ್ಬರ್ಜಿಯಾ ಗ್ರಾಂಡಿಫ್ಲೋರಾ. ಇದು ಈಶಾನ್ಯ ಭಾರತದ ಕಡೆಯದ್ದು, ನಮ್ಮ ಕರಾವಳಿಯದ್ದಲ್ಲ. ಮಣ್ಣಿನೊಳಗೆ ದೊಡ್ಡ ಗೆಡ್ಡೆ ಇಡುತ್ತದೆ, ತೆಗೆದರೂ ಮತ್ತೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಇದನ್ನು ಕಳೆ ಎಂದು ಸಾರಿದ್ದಾರೆ. ನರ್ಸರಿಯಲ್ಲಿ ಥನ್ಬರ್ಜಿಯಾ ಎಂದಷ್ಟೇ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಇದೇ. ಜೇಡ್ ವೈನ್ ಫಿಲಿಪ್ಪೀನ್ಸ್‌ನದ್ದು. ಇನ್ನು ಖಾಲಿ ಸೈಟಿನಲ್ಲಿ ತಾನಾಗಿ ಹಬ್ಬಿ, ಸಣ್ಣ ಬಿಳಿ ಹೂ ಬಿಟ್ಟು, ಮರಗಳನ್ನೇ ಮುಚ್ಚುವ ಬಳ್ಳಿ ಕಂಡರೆ ಅದು ಮೈಕೇನಿಯಾ ಇರಬಹುದು. ಅದು ಅಮೆರಿಕದಿಂದ ಬಂದ ಕಳೆ. ಸುಮ್ನೆ ಬೆಳೆದದ್ದೆಲ್ಲ ಊರಿನದ್ದು ಎಂದುಕೊಂಡು ಮನೆಗೆ ತರಬೇಡಿ.

ಎರಡರ ನಡುವೆ ಮನಸ್ಸು ತೂಗಿದರೆ

ಬಾವಿ ಹತ್ತಿರವಾದರೆ ಮೈಸೂರು ಥನ್ಬರ್ಜಿಯಾ ಬೇಡ. ಹೂ, ಎಲೆ ನೀರಿಗೆ ಬೀಳುತ್ತಲೇ ಇರುತ್ತದೆ. ಬಿಳಿ ಥನ್ಬರ್ಜಿಯಾ ಅಥವಾ ಈಶ್ವರ ಬಳ್ಳಿಯನ್ನು ಕಟ್ಟೆಯಿಂದ ಸ್ವಲ್ಪ ದೂರ ಹಬ್ಬಿಸಿ. ಮನೆಯ ಮುಂದೆ ಕಾರು ನಿಲ್ಲಿಸುವ ಚಪ್ಪರಕ್ಕೆ ಮಾತ್ರ ಥನ್ಬರ್ಜಿಯಾ ಮೈಸೂರೆನ್ಸಿಸನ್ನು ಮೀರಿಸುವುದು ಇಲ್ಲ. ಮಲಗುವ ಕೋಣೆಯ ಕಿಟಕಿಯ ಹೊರಗೆ ಕಾಡುಮಲ್ಲಿಗೆಯೇ ಇರಲಿ. ಬೇಸಿಗೆಯಲ್ಲಿ ಬಾವಿ ಬತ್ತುವ, ಟ್ಯಾಂಕರ್ ನೀರು ತರಿಸುವ ಮನೆಯಾದರೆ ಮತ್ತೆ ಯೋಚನೆಯೇ ಬೇಡ, ಅಲ್ಲೂ ಕಾಡುಮಲ್ಲಿಗೆ. ಮೈಸೂರು ಥನ್ಬರ್ಜಿಯಾಕ್ಕೆ ಏಪ್ರಿಲ್, ಮೇಯಲ್ಲಿ ಬುಡ ಒಣಗಿಸಿದರೆ ಎಲೆ ಜೋಲುತ್ತದೆ, ಎಳೆಯ ಗಿಡವಾದರೆ ಉಳಿಯುವುದೂ ಕಷ್ಟ.

ಎರಡನ್ನೂ ಒಂದೇ ಚಪ್ಪರಕ್ಕೆ ಬಿಡಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಥನ್ಬರ್ಜಿಯಾ ಬೇಗ ಬೆಳೆದು ಮಲ್ಲಿಗೆಯ ಬೆಳಕನ್ನು ಮುಚ್ಚುತ್ತದೆ. ಆದರೆ ಥನ್ಬರ್ಜಿಯಾ ಚಪ್ಪರದ ಒಂದು ಕಂಬಕ್ಕೆ ಹೋಯಾ ಕಟ್ಟಿದರೆ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಬೇಕಾದದ್ದೂ ಆ ನೆರಳೇ.

ನಮ್ಮ ಮಳೆಗೆ ತಕ್ಕ ಹಾಗೆ ನೆಡುವುದು

ನೆಡಲು ಸಮಯ ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಯಿಂದ, ಎರಡು ಮಳೆ ಬಿದ್ದು ಮಣ್ಣು ತಣಿದಾಗ. ಆಗ ತಪ್ಪಿದರೆ ಆಟಿಯ ಜಡಿಮಳೆ ಮುಗಿಯಲಿ, ಅದರ ಮುಂದಿನ ತಿಂಗಳು ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್) ನೆಡಿ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಟ್ಟಿ ಮುರಕಲ್ಲಿನಲ್ಲಿ ಹೊಂಡ ತೋಡಿ ಗಿಡ ಇಟ್ಟರೆ ಆ ಹೊಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಆದ್ದರಿಂದ ಹೊಂಡ ಮುಚ್ಚಿ, ಅದರ ಮೇಲೆ ಒಂದಡಿ ದಿಣ್ಣೆ ಮಾಡಿ ದಿಣ್ಣೆಯ ಮೇಲೆ ನೆಡಿ. ಮಣ್ಣಿಗೆ ಹಳೆಯ ಹಟ್ಟಿಗೊಬ್ಬರ, ಸುಡುಮಣ್ಣು, ಸ್ವಲ್ಪ ಮರಳು ಸೇರಿಸಿ. ಮರದ ಬುಡದಿಂದ ಮೂರಡಿಯಾದರೂ ದೂರ ಇರಲಿ, ಇಲ್ಲದಿದ್ದರೆ ಮರದ ಬೇರು ಗೊಬ್ಬರವನ್ನೆಲ್ಲ ತಿನ್ನುತ್ತದೆ. ಅಲ್ಲಿಂದ ಕಾಂಡಕ್ಕೆ ಹಗ್ಗ ಎಳೆದು ದಾರಿ ತೋರಿಸಿ.

ಹಿಂಡಿ ಗೊಬ್ಬರ ಜಾಸ್ತಿ ಹಾಕಬೇಡಿ. ನೆರಳಲ್ಲಿ ಅದರಿಂದ ಎಲೆ ಹೆಚ್ಚುತ್ತದೆ, ಹೂ ಕಡಿಮೆಯಾಗುತ್ತದೆ. ನವೆಂಬರಿನಲ್ಲಿ ಬುಡಕ್ಕೆ ದಪ್ಪಗೆ ತರಗೆಲೆ, ತೆಂಗಿನ ಸಿಪ್ಪೆ ಹೊದಿಸಿ, ಮೇವರೆಗೂ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ಆ ಹೊದಿಕೆಯನ್ನು ಕಾಂಡದಿಂದ ಗೇಣು ದೂರ ಸರಿಸಿ. ಬಸವನಹುಳುಗಳು ಎಳೆ ಚಿಗುರನ್ನು ರಾತ್ರಿ ತಿನ್ನುತ್ತವೆ, ಟಾರ್ಚ್ ಹಿಡಿದು ಹೋಗಿ ಹೆಕ್ಕುವುದೇ ಸರಿಯಾದ ದಾರಿ. ಕೈಗವಸು ಹಾಕಿ.

ಕತ್ತರಿಸುವುದು ಹೂ ಮುಗಿದ ಮೇಲೆ. ಕಾಡುಮಲ್ಲಿಗೆಯನ್ನು ಜೂನ್ ಮೊದಲಿಗೆ ಕತ್ತರಿಸಿದರೆ ಮಳೆಯಲ್ಲಿ ಹೊಸ ಚಿಗುರು ಬಂದು, ಬೇಸಿಗೆಗೆ ಅದರಲ್ಲೇ ಹೂ. ಮೈಸೂರು ಥನ್ಬರ್ಜಿಯಾಕ್ಕೂ ಅದೇ ಹೊತ್ತು ಸರಿ. ಮಳೆಗಾಲದ ಭಾರವೂ ತಗ್ಗುತ್ತದೆ.

ಗಿಡ ಎಲ್ಲಿ ಸಿಗುತ್ತದೆ? ಮಂಗಳೂರು ಹತ್ತಿರದ ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮ ಘಟ್ಟದ ಗಿಡಮರಗಳ ವನವಿದೆ. ಗಿಡದ ಗುರುತು ಮಾಡಿಕೊಳ್ಳಲು ಅಲ್ಲಿಗೆ ಹೋಗುವುದು ಒಳ್ಳೆಯದು. ಮಳೆಗಾಲದ ಮೊದಲು ಅರಣ್ಯ ಇಲಾಖೆಯ ನರ್ಸರಿಗಳಲ್ಲೂ ವಿಚಾರಿಸಿ. ನರ್ಸರಿಯಲ್ಲಿ ಕೇಳುವಾಗ ಪೂರ್ತಿ ಹೆಸರು ಹೇಳಿ, ಸಾಧ್ಯವಾದರೆ ಹೂ ಇರುವಾಗಲೇ ಕೊಳ್ಳಿ. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯ, ಕುದುರೆಮುಖದ ಕಾಡುಗಳಿಂದ ಗಿಡ ಕಿತ್ತು ತರುವುದು ಅಪರಾಧ. ನಾಗಬನದಿಂದ ಒಂದು ಕಡ್ಡಿಯನ್ನೂ ಮುರಿಯಬಾರದು, ಅದು ಎಲ್ಲರಿಗೂ ಗೊತ್ತಿರುವುದೇ. ಪರಿಚಯದವರ ತೋಟದಲ್ಲಿ ಕಾಡುಮಲ್ಲಿಗೆ ಇದ್ದರೆ ಜೂನ್ ಮೊದಲ ವಾರ ಕತ್ತರಿಸುವಾಗ ನಾಲ್ಕೈದು ಕಡ್ಡಿ ಕೇಳಿ ತನ್ನಿ. ಎಲ್ಲವೂ ಬೇರು ಬಿಡುವುದಿಲ್ಲ, ಎರಡು ಉಳಿದರೆ ಸಾಕು. ಮೊದಲ ವರ್ಷ ಹೂ ನಿರೀಕ್ಷಿಸಬೇಡಿ. ಎರಡನೆಯ ಅಥವಾ ಮೂರನೆಯ ಬೇಸಿಗೆಗೆ ಬರುತ್ತದೆ.